ಬಾನೆಟ್ಟಿನೊಳಗಿನ ಝಮ್‌ಝಮ್

ಪಕ್ಕದ ಸೀಟಿನಲ್ಲಿ ಅತ್ತೆ ಹಾಜ್ಜಾ ಇನ್ಶಿರಾಹ್ ಕೆಮ್ಮಿದಳು. ದೊಡ್ಡ ಕೆಮ್ಮೇನಲ್ಲ, ಕರವಸ್ತ್ರ ಬಾಯಿಗೊತ್ತಿಕೊಂಡು, ನಾಲ್ಕು ಜನರ ನಡುವೆ ಮರ್ಯಾದಸ್ಥ ಹೆಂಗಸೊಬ್ಬಳು ಕೆಮ್ಮುವಷ್ಟೇ ಕೆಮ್ಮು. ಆದರೂ ಎಡಗಡೆ ಸ್ಟಿಯರಿಂಗಿನ ಮುಂದೆ ಕೂತಿದ್ದ ಫಿಕ್ರಿಯ ಬಲಗೈ ಗೇರನ್ನು ಬಿಟ್ಟು, ಅತ್ತೆಯ ಮಡಿಲ ಮೇಲಿಂದ ಹಾದು, ಅವಳ ಕಡೆಯ ಹಿಡಿಕೆಯನ್ನು ಗರಗರನೆ ತಿರುಗಿಸಿ ಕಿಟಕಿಯ ಗಾಜನ್ನು ಮೇಲೇರಿಸಿಬಿಟ್ಟಿತು. ಆಗಸ್ಟ್ ತಿಂಗಳು, ಬೆಳಗಿನ ಹತ್ತು ಗಂಟೆ. ಅಬೂ ಕೀರ್ ರಸ್ತೆಯ ಮೇಲೆ ಅಲೆಕ್ಸಾಂಡ್ರಿಯಾದ ಅರ್ಧ ಊರು ಹಾರನ್ ಒತ್ತುತ್ತ ನಿಂತಿತ್ತು. ಸಮುದ್ರ ಕೆಲವೇ ಬೀದಿಗಳಾಚೆ ಇದ್ದರೂ ಅದರ ಗಾಳಿಗೆ ಈ ಕಡೆ ಬರುವ ಮನಸ್ಸಿರಲಿಲ್ಲ. ಗಾಜು ಏರಿದ್ದೇ ತಡ, ಕಾರಿನೊಳಗೆ ಸೋಂಪಿನ ಬನ್ನುಗಳ ವಾಸನೆ ದಟ್ಟವಾಯಿತು. ಹಿಂದಿನ ಸೀಟಿನಲ್ಲಿ ಹೆಂಡತಿ ಸುಹೈರ್ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತೀರಿಕೊಂಡ ತನ್ನ ಅಪ್ಪನ ಹೆಸರಿನಲ್ಲಿ ಖಬರಸ್ತಾನದ ಬಾಗಿಲಲ್ಲಿ ಹಂಚಲು ನಲವತ್ತು ಬನ್ನು; ಒಂದನ್ನು ದಾರಿಯಲ್ಲೇ ಹಾಜ್ಜಾ ಮುರಿದು ತಿಂದಿದ್ದಳಾದ್ದರಿಂದ ಮೂವತ್ತೊಂಬತ್ತು.

"ಏನಪ್ಪಾ ಫಿಕ್ರಿ," ಅಂದಳು ಹಾಜ್ಜಾ, "ನಮ್ಮೋರ ಗೋರಿ ನೋಡ್ಕೊಂಡು ಬರೋದಕ್ಕೆ ತಾನೆ ಕರ್ಕೊಂಡು ಹೋಗ್ತಿರೋದು? ನನ್ನನ್ನೂ ಅಲ್ಲೇ ಬಿಟ್ಟು ಬರೋದಕ್ಕಲ್ವಲ್ಲ?"

"ಗಾಳಿ ತಾಗತ್ತೆ ಹಾಜ್ಜಾ. ಎದೇಲಿ ಕಫ ಇದೆ ನಿಮಗೆ."

"ಕಫಾನೂ ಇಲ್ಲ, ಏನೂ ಇಲ್ಲ. ಸೋಂಪಿನ ಕಾಳು ಗಂಟಲಿಗೆ ಸಿಕ್ಕಿತ್ತು."

ಒಂಬತ್ತು ದಿನಗಳಿಂದ ಫಿಕ್ರಿಗೆ ಅತ್ತೆಯ ಆರೋಗ್ಯದ್ದೇ ಚಿಂತೆ. ಇಪ್ಪತ್ತೆಂಟು ವರ್ಷ ಒಂದೇ ಸೂರಿನಡಿ ಇದ್ದೂ ಅವಳ ಮಂಡಿ ನೋವು ಎಡಗಾಲಿನದೋ ಬಲಗಾಲಿನದೋ ಎಂದು ತಿಳಿಯದಿದ್ದವನು, ಈಗ ಅವಳು ಮೆಟ್ಟಿಲಿಳಿಯುವಾಗ ಮುಂದೊಂದು ಮೆಟ್ಟಿಲು ತಾನಿಳಿದು ಕೈ ಚಾಚಿ ನಿಲ್ಲುತ್ತಿದ್ದ. ಕ್ಲೋವರ್ ಹೂವಿನ ಜೇನು ತಂದುಕೊಟ್ಟಿದ್ದ. ಮೊನ್ನೆ ಅವಳು ಮಧ್ಯಾಹ್ನ ನಿದ್ದೆ ಹೋದಾಗ ಬಾಗಿಲ ಸಂದಿಯಿಂದ, ಉಸಿರಾಡುತ್ತಿದ್ದಾಳೆಯೇ ಎಂದು ಇಣುಕಿ ನೋಡುತ್ತಿದ್ದಾಗ ಅವಳು ಒಂದೇ ಕಣ್ಣು ತೆರೆದು ಇವನನ್ನೇ ನೋಡಿದ್ದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುವುದು? ನೀವು ಸಾಯಬಾರದು ಹಾಜ್ಜಾ, ಸತ್ತರೆ ನನ್ನ ಕಳ್ಳತನ ಹೊರಬೀಳುತ್ತದೆ ಎಂದೇ? ಸುಹೈರ್ ಮಾತ್ರ ಗಂಡನಿಗೆ ಕೊನೆಗಾಲದಲ್ಲಾದರೂ ಬುದ್ಧಿ ಬಂತೆಂದು ನೆರೆಮನೆಯವರ ಮುಂದೆ ಕಣ್ಣೀರು ಹಾಕಿಕೊಂಡಿದ್ದಳು. ಆ ಕಣ್ಣೀರು ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಚುಚ್ಚಿತ್ತು.

ಎಲ್ಲಕ್ಕೂ ಮೂಲ ಈ ಕಾರು. ಊರು ಬಿಟ್ಟು ಹೋದ ಗ್ರೀಕ್ ಔಷಧಿ ಅಂಗಡಿಯವನಿಂದ ಬಂದ, ಅರವತ್ನಾಲ್ಕನೇ ಇಸವಿಯ, ಬಾದಾಮಿ ಹಾಲಿನ ಬಣ್ಣದ ಇಟಲಿಯ ಕಾರು. ಬೀದಿಯವರೆಲ್ಲ ಅದನ್ನು 'ಹಾನಿಮ್' ಎನ್ನುತ್ತಾರೆ, ದೊಡ್ಡ ಮನೆತನದ ಯಜಮಾನಿಯನ್ನು ಕರೆಯುವಂತೆ. ಮೂವತ್ತೊಂದು ವರ್ಷ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಟ್ಟ ಫಿಕ್ರಿ ನಡೆದುಕೊಂಡು ಹೋದರೆ ಒಂದು ನರಪಿಳ್ಳೆಯೂ ಗುರುತಿಸುವುದಿಲ್ಲ. ಹಾನಿಮ್‌ನಲ್ಲಿ ಕೂತು ಹೊರಟರೆ ಕಾಫಿ ಅಂಗಡಿಯವನಿಂದ ಹಿಡಿದು ಸಂಚಾರ ಪೊಲೀಸಿನವರೆಗೆ ಎಲ್ಲರೂ ಕೈಯೆತ್ತುತ್ತಾರೆ. ಅವರು ಕೈಯೆತ್ತುವುದು ಕಾರಿಗೆ ಎಂದು ಅವನಿಗೆ ಗೊತ್ತು. ಆದರೂ ಕೈ ಬೀಸುವುದು ಅವನೇ ತಾನೆ. ಈ ಕಾರು ಹೋದರೆ ತಾನು ಬರೀ ಒಬ್ಬ ಮುದುಕ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೂ ಸುಹೈರ್‌ಗೆ ಗೊತ್ತಿತ್ತು, ಅದಕ್ಕೇ ಅವಳ ಮಾತಿನ ಏಟು ಸರಿಯಾಗಿ ಅಲ್ಲಿಗೇ ಬೀಳುತ್ತಿತ್ತು. ಜೂನ್‌ನಲ್ಲಿ ಅವಳ ಸೋದರಮಾವನ ಮಗನ ನಿಶ್ಚಿತಾರ್ಥಕ್ಕೆ ಹೋದಾಗ, ಹುಡುಗಿಯ ಮನೆಯ ಬಾಗಿಲಲ್ಲೇ ಹಾನಿಮ್ ಬುಸುಗುಟ್ಟಿ, ಹೊಟ್ಟೆಯಲ್ಲಿದ್ದ, ಕೂಲೆಂಟ್ ಬೆರೆತ ಹಸಿರು ನೀರನ್ನೆಲ್ಲ ಅಮೃತಶಿಲೆಯ ಮೆಟ್ಟಿಲ ಬುಡದಲ್ಲಿ ಬಿಟ್ಟುಕೊಂಡಿತ್ತು. ಹಾಜ್ಜಾ ಹೊಸ ಚಪ್ಪಲಿಯಲ್ಲಿ ಅದರೊಳಕ್ಕೇ ಕಾಲಿಟ್ಟಿದ್ದಳು. ಹುಡುಗಿಯ ಚಿಕ್ಕಪ್ಪ, ಒಬ್ಬ ಸಭ್ಯ ಗೃಹಸ್ಥ, ಮೊದಲು ನೆಲದ ಮೇಲಿನ ಒದ್ದೆಯನ್ನು ನೋಡಿ, ಆಮೇಲೆ ಫಿಕ್ರಿಯ ಪ್ಯಾಂಟನ್ನು ನೋಡಿ, ಆಮೇಲೆ ಆಕಾಶ ನೋಡಿದ್ದ. ಅಂದಿನಿಂದ ಯಾವ ಸಮಾರಂಭದಲ್ಲಿ ಸಿಕ್ಕಿದರೂ ಆತ ಬಹಳ ಮರ್ಯಾದೆಯಿಂದ ಶೌಚಾಲಯಕ್ಕೆ ಹತ್ತಿರದ ಕುರ್ಚಿಯನ್ನೇ ಫಿಕ್ರಿಗೆ ಎಳೆದುಕೊಡುತ್ತಿದ್ದ.

ಆವತ್ತೇ ಸುಹೈರ್ ತೀರ್ಪು ಕೊಟ್ಟದ್ದು. ಇನ್ನೊಂದು ಸಲ ಅಮ್ಮ ಕೂತಿದ್ದಾಗ ಇದು ಕುದಿಯಲಿ, ಮದುವೆಗೆ ಹಳೆ ಕಾರು ಬಾಡಿಗೆ ಕೊಡುವವನು ಮೂರು ಸಲ ಕೇಳಿದ್ದಾನೆ, ಅವತ್ತೇ ಅವನಿಗೆ ಫೋನ್ ಮಾಡುತ್ತೇನೆ ಎಂದಿದ್ದಳು. ಮದುವೆ ಬಾಡಿಗೆ! ಹಾನಿಮ್‌ನ ಮೂತಿಗೆ ಪ್ಲಾಸ್ಟಿಕ್ ಗುಲಾಬಿ ಕಟ್ಟಿ, ಕಂಡಕಂಡವರ ಮದುಮಗಳನ್ನು ಕೂರಿಸಿ, ಸಮುದ್ರದ ದಂಡೆಯುದ್ದಕ್ಕೂ ಪೀಪಿ ಊದುತ್ತ ಓಡಿಸುವುದು. ಗೋರಿಗೆ ಹೋಗುವ ದಿನ ಹತ್ತಿರವಾದಾಗ, ಒಂಬತ್ತು ದಿನದ ಹಿಂದೆ, ಫಿಕ್ರಿ ಮೆಕ್ಯಾನಿಕ್ ಮೆತ್ವಲ್ಲಿಯ ಬಳಿಗೆ ಓಡಿದ್ದ. ಮೆತ್ವಲ್ಲಿ ಒಂದು ಗ್ಲಾಸು ಚಹಾ ಮುಗಿಸುವಷ್ಟರಲ್ಲಿ ವಿಷಯ ಹೇಳಿ ಮುಗಿಸಿದ. ಕಾದರೆ ನೀರು ಹಿಗ್ಗುತ್ತದೆ. ಹಳೆ ಕಾರಿನಲ್ಲಿ ಹಿಗ್ಗಿದ ನೀರು ಸಣ್ಣ ಕೊಳವೆಯಿಂದ ಬೀದಿಗೆ ಬೀಳುತ್ತದೆ. ಬಿದ್ದದ್ದು ಬಿದ್ದೇ ಹೋಯಿತು. ಆ ಕೊಳವೆಯ ಬಾಯನ್ನು ಒಂದು ಪಾತ್ರೆಯ ತಳದವರೆಗೆ ಇಳಿಬಿಟ್ಟು, ರೇಡಿಯೇಟರ್ ಮುಚ್ಚಳ ಬದಲಾಯಿಸಿದರೆ, ಕಾದಾಗ ಹೊರಬಿದ್ದ ನೀರನ್ನು ಆರಿದಾಗ ರೇಡಿಯೇಟರೇ ಎಳೆದುಕೊಳ್ಳುತ್ತದೆ. ಇದನ್ನೇ ಬೇರೆ ಮಾತಿನಲ್ಲಿ ಕಪ್ಪು ಹಲಗೆಯ ಮೇಲೆ ಮೂವತ್ತೊಂದು ಸಲ ಬರೆದಿದ್ದ ಫಿಕ್ರಿ, ಹೌದಾ ಹೌದಾ ಎಂದು ತಲೆಯಾಡಿಸುತ್ತ ಕೇಳಿದ.

ಅಂಗಡಿಯಲ್ಲಿ ಸಿಗುವ ಹೊಳೆಯುವ ತೊಟ್ಟಿ ಬೇಡ, ಹಾನಿಮ್‌ನ ಹೊಟ್ಟೆಯಲ್ಲಿ ಅದು ಹಲ್ಲುಸೆಟ್ಟಿನಂತೆ ಕಾಣುತ್ತದೆ ಎಂದ ಫಿಕ್ರಿ. ಹಾಗಾದರೆ ಬಿಸಿ ತಡೆಯುವ ದಪ್ಪ ಪ್ಲಾಸ್ಟಿಕ್ಕಿನ ಬಿಳಿ ಕ್ಯಾನು ತನ್ನಿ ಉಸ್ತಾದ್, ನೀರಿನ ಮಟ್ಟ ಹೊರಗಿಂದ ಕಾಣುವಂಥದ್ದು ಅಂದ ಮೆತ್ವಲ್ಲಿ. ಅಂಥದ್ದು ಮನೆಯಲ್ಲಿ ಒಂದೇ ಒಂದಿತ್ತು: ಹಾಜ್ಜಾಳ ಬೀರುವಿನ ಮೇಲೆ, ಹಸಿರು ಬಟ್ಟೆಯಲ್ಲಿ ಸುತ್ತಿಟ್ಟದ್ದು. ಹತ್ತೊಂಬತ್ತು ವರ್ಷದ ಹಿಂದೆ ಅವಳೂ ಗಂಡನೂ ಹಜ್‌ಗೆ ಹೋದಾಗ ಮೆಕ್ಕಾದ ಪವಿತ್ರ ಬಾವಿಯಿಂದ ಹೊತ್ತು ತಂದ ಝಮ್‌ಝಮ್ ನೀರಿನ ಕ್ಯಾನು. ನೆಂಟರಿಷ್ಟರಿಗೆ ಗುಟುಕು ಗುಟುಕು ಹಂಚಿ, ಉಳಿದ ಒಂದೂವರೆ ಲೀಟರನ್ನು ಹಾಜ್ಜಾ ತನ್ನ ಕೊನೆಯ ಗಳಿಗೆಗೆಂದು ಎತ್ತಿಟ್ಟಿದ್ದಳು. ಮೂರು ಚಮಚ ತುಟಿಗೆ, ಮಿಕ್ಕದ್ದು ಹೆಣಕ್ಕೆ ಸುತ್ತುವ ಕಫನದ ಬಟ್ಟೆಗೆ. ಹೀಗೆಂದು ಪ್ರತಿ ರಂಜಾನಿನಲ್ಲೂ ಮಗಳಿಗೆ ನೆನಪಿಸುತ್ತಿದ್ದಳು. ಅಂಗಡಿಗಳ ಫಲಕ ಬರೆದು ಬದುಕಿದ ಮಾವ ಹಾಜ್ ಬಯೂಮಿ ಕೆಂಪು ಬಣ್ಣದಲ್ಲಿ, ದೊಡ್ಡ ಔಷಧಿ ಅಂಗಡಿಗೆ ಬರೆಯುವಷ್ಟೇ ಮುತುವರ್ಜಿಯಿಂದ, ಕ್ಯಾನಿನ ಮೇಲೆ ಹೆಂಡತಿಯ ಹೆಸರು ಬರೆದಿದ್ದ.

ಪವಿತ್ರವಾದದ್ದು ನೀರು, ಕ್ಯಾನಲ್ಲ. ಸ್ಟೂಲಿನ ಮೇಲೆ ನಿಂತಾಗ ಫಿಕ್ರಿಗೆ ಈ ಮಾತು ಬಹಳ ಸ್ಪಷ್ಟವಾಗಿ ಹೊಳೆದಿತ್ತು. ನೀರನ್ನು ಒಂದು ಶುಭ್ರ ಬಾಟಲಿಗೆ ಬಗ್ಗಿಸಿದ. ಬಾಟಲಿಯನ್ನು ಮನೆಯಲ್ಲಿ ಬಿಟ್ಟರೆ ಯಾರಾದರೂ ಬಾಯಾರಿ ಕುಡಿದಾರೆಂದು ಭಯಭಕ್ತಿಯಿಂದ ಜೊತೆಗೇ ಒಯ್ದು, ಮೆತ್ವಲ್ಲಿಯ ಮೇಜಿನ ಮೇಲಿಟ್ಟ. ತನ್ನ ಕಾರಿಗೆ ಮೆತ್ವಲ್ಲಿ ತೂತು ಕೊರೆಯುವುದನ್ನು ನೋಡಲಾರದೆ ಎದುರಿನ ಕಾಫಿ ಅಂಗಡಿಗೆ ಹೋದ. ವಾಪಸ್ಸು ಬಂದಾಗ ಕ್ಯಾನು ಬ್ಯಾಟರಿಯ ಹಿಂದೆ ಭದ್ರವಾಗಿ ಕೂತಿತ್ತು, ಕೊಳವೆ ಒಳಗಿಳಿದಿತ್ತು, ಬಾಟಲಿ ಖಾಲಿಯಾಗಿತ್ತು. "ಬಾಟ್ಲಿ ನೀರು ನೀವೇ ತಂದಿದ್ದು ಒಳ್ಳೇದಾಯ್ತು ಉಸ್ತಾದ್," ಅಂದಿದ್ದ ಮೆತ್ವಲ್ಲಿ, "ಒಂದು ತೊಟ್ಟೂ ಚೆಲ್ಲದೆ ರೇಡಿಯೇಟರಿಗೆ ಹುಯ್ದಿದ್ದೀನಿ." ಫಿಕ್ರಿ ಖಾಲಿ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿದ. ರೇಡಿಯೇಟರಿಗೆ ಹಾಕಬೇಕಾದ್ದು ಲವಣವಿಲ್ಲದ ನೀರು. ಝಮ್‌ಝಮ್‌ನಲ್ಲಿ ಲವಣ ಜಾಸ್ತಿ. ಧರ್ಮದಲ್ಲೂ ತಪ್ಪು, ಭೌತಶಾಸ್ತ್ರದಲ್ಲೂ ತಪ್ಪು. ಬರುವಾಗ ಉಪ್ಪಿನಕಾಯಿ ಅಂಗಡಿಯಿಂದ ಅದೇ ಅಳತೆಯ ವಿನೆಗರ್ ಕ್ಯಾನೊಂದನ್ನು ಕೇಳಿ ತಂದು, ನಾಲ್ಕು ಸಲ ತೊಳೆದು, ಅದರಲ್ಲಿ ಒಂದೂವರೆ ಲೀಟರ್ ನಲ್ಲಿ ನೀರು ತುಂಬಿ, ಅದೇ ಹಸಿರು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟ. ನಾಲ್ಕು ಸಲ ತೊಳೆದರೂ ಅದು ಸೌತೆಕಾಯಿ ಉಪ್ಪಿನಕಾಯಿಯ ವಾಸನೆ ಬಿಡಲಿಲ್ಲ. ಅಂದಿನಿಂದ ಅತ್ತೆ ಕೆಮ್ಮಿದರೆ ಸಾಕು, ಕಣ್ಣ ಮುಂದೆ ಆ ದೃಶ್ಯವೇ: ಹಾಸಿಗೆಯ ಸುತ್ತ ಬಂಧುಗಳು, ಕುರಾನ್ ಓದುವ ದನಿ, ಸುಹೈರ್‌ಳ ಕೈಯಲ್ಲಿ ಚಮಚ, ಪರಲೋಕಕ್ಕೆ ಹೊರಟ ಹಾಜ್ಜಾ ತುಟಿ ಚಪ್ಪರಿಸಿ, ಹೊರಡುವುದನ್ನು ನಿಲ್ಲಿಸಿ, ಇವನನ್ನು ಹುಡುಕಿ ನೋಡುವುದು.

"ಮುಂದೆ ಹೋಗು, ದಾರಿ ಬಿಟ್ಟಿದೆ," ಎಂದು ಸುಹೈರ್ ಹಿಂದಿನಿಂದ ಹೇಳಿದಳು. ಫಿಕ್ರಿ ಎರಡು ಮಾರು ಮುಂದೆ ಹೋಗಿ ಮತ್ತೆ ನಿಂತ. ಆಗ ಎದೆಯ ಮೇಲೆ ಏನೋ ಒತ್ತಿತು. ನಿನ್ನೆ ಹಾಕಿದ್ದ ಅದೇ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಮುಟ್ಟಿದ ಬೆರಳಿಗೇ ಮೊದಲು ಗೊತ್ತಾಯಿತು: ಅದು ಮೆತ್ವಲ್ಲಿ ಹಾಕಿದ ಹೊಸ ಮುಚ್ಚಳ. ನಿನ್ನೆ ಶುಕ್ರವಾರ, ಸಂಜೆ ಸಮುದ್ರದ ದಂಡೆಯಲ್ಲಿ ಹಳೆ ಕಾರಿನವರು ಸೇರುವ ದಿನ. ಅಲ್ಲಿ ನಿವೃತ್ತ ಕರ್ನಲ್ ಒಬ್ಬರಿದ್ದಾರೆ. ಯಾರ ಬಾನೆಟ್ ತೆರೆದರೂ ಭೂತಗನ್ನಡಿ ಹಿಡಿದು ಬಗ್ಗಿ, ಇದು ಮೂಲದ್ದಲ್ಲ, ಇದು ಮೂಲದ್ದಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳುವುದೇ ಅವರ ಮನರಂಜನೆ. ಅವರಿಗೆ ಹೆದರಿ ಫಿಕ್ರಿ ಕ್ಯಾನಿನ ಮೇಲೆ ಕಪ್ಪು ಬಟ್ಟೆ ಹೊದಿಸಿ, ಕಾರ್ಖಾನೆಯ ಮುದ್ರೆಯಿದ್ದ ಹಿತ್ತಾಳೆಯ ಹಳೆ ಮುಚ್ಚಳವನ್ನೇ ಮತ್ತೆ ತಿರುಗಿಸಿ ಹಾಕಿದ್ದ. ಕರ್ನಲ್ ಬಗ್ಗಿದರು, ಮೂಸಿದರು, "ಶಹಬ್ಬಾಸ್ ಉಸ್ತಾದ್" ಅಂದರು. ಆ ಶಹಬ್ಬಾಸಿನ ಅಮಲಿನಲ್ಲಿ ಮನೆಗೆ ಬಂದವನು ಮುಚ್ಚಳ ಬದಲಾಯಿಸುವುದನ್ನೇ ಮರೆತಿದ್ದ. ಹಳೆ ಮುಚ್ಚಳ ನೀರನ್ನು ಹೊರಗೆ ಬಿಡುತ್ತದೆ, ವಾಪಸ್ಸು ಎಳೆದುಕೊಳ್ಳುವುದಿಲ್ಲ. ಎಂದರೆ ನಿನ್ನೆ ಕ್ಯಾನಿಗೆ ಹೋದ ನೀರು ಕ್ಯಾನಿನಲ್ಲೇ ಇದೆ, ರೇಡಿಯೇಟರ್ ಅರ್ಧ ಖಾಲಿ, ಹೊರಗೆ ಆಗಸ್ಟ್, ಮುಂದೆ ಟ್ರಾಫಿಕ್ಕು, ಪಕ್ಕದಲ್ಲಿ ಅತ್ತೆ. ಉಷ್ಣತೆಯ ಮುಳ್ಳು ಆರಾಮಾಗಿ ಬಲಕ್ಕೆ ಹೊರಟಿತ್ತು. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಮುಖ ಬೇಯುತ್ತದೆ. ಎಂಟು ದಿನ ನೆಲಕ್ಕೆ ಒಂದು ಹನಿ ಬೀಳದೆ ಓಡಿದ ಕಾರು. ಒಬ್ಬ ಕರ್ನಲ್‌ನ ಒಂದು ಶಹಬ್ಬಾಸಿಗೆ ತಾನು ಎಲ್ಲವನ್ನೂ ಮಾರಿಕೊಂಡೆನಲ್ಲ ಎಂದು ಫಿಕ್ರಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಇಂಜಿನ್ನಿನ ಬಿಸಿ ಹೊರಗೆ ಹೋಗಲೆಂದು ಕಾರಿನೊಳಗಿನ ಹೀಟರನ್ನು ಹಾಕಿದ. ಅದು ಶಾಸ್ತ್ರಸಮ್ಮತವಾದ ಉಪಾಯವೇ. ಆದರೆ ಮುಚ್ಚಿದ ಕಿಟಕಿಯ ಕಾರಿನಲ್ಲಿ, ಆಗಸ್ಟ್ ತಿಂಗಳಲ್ಲಿ, ಎಂಬತ್ತೊಂದು ವರ್ಷದ ಹೆಂಗಸಿನ ಕಾಲ ಬುಡಕ್ಕೆ ಬಿಸಿಗಾಳಿ ಬಿಡುವುದನ್ನು ಶಾಸ್ತ್ರದ ಮೂಲಕ ವಿವರಿಸುವುದು ಕಷ್ಟ. ಹಾಜ್ಜಾ ತಾನೇ ಕಿಟಕಿ ಇಳಿಸಿಕೊಂಡಳು. ಹೇಗೋ ಖಬರಸ್ತಾನದ ಗೇಟು ಕಾಣಿಸಿತು. ಇನ್ನು ಇಪ್ಪತ್ತು ಮಾರು, ಹದಿನೈದು ಮಾರು. ದೇವರೇ ಅವಳು ಇಳಿಯುವ ತನಕ ಎಂದು ಅವನು ಬೇಡಿಕೊಳ್ಳುತ್ತಿದ್ದಂತೆ ಹಾನಿಮ್ ಒಮ್ಮೆ ನಡುಗಿ, ಗೇಟಿಗೆ ಸರಿಯಾಗಿ ನಿಂತು, ಬಾನೆಟ್ಟಿನ ಎರಡೂ ಕಡೆಯಿಂದ ಬೆಳ್ಳಗೆ ಉಗಿ ಬಿಟ್ಟಿತು.

"ಮುಗೀತು," ಅಂದಳು ಸುಹೈರ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಭಯಂಕರವಾಗಿತ್ತು. "ಇವತ್ತೇ ಫೋನ್ ಮಾಡ್ತೀನಿ. ಅಮ್ಮಾ ಇಳಿ, ಕೆಳಗೆ ನೋಡ್ಕೊಂಡು ಕಾಲಿಡು."

ಫಿಕ್ರಿ ಇಳಿದು ಬಾನೆಟ್ ಎತ್ತಿದ. ಉಗಿಯ ಜೊತೆ ಕಪ್ಪು ಬಟ್ಟೆಯೂ ಜಾರಿ ಬಿತ್ತು. ತುಂಬಿ ತುಳುಕುತ್ತಿದ್ದ ಕ್ಯಾನು ಗುಳುಗುಳು ಎನ್ನುತ್ತ ನಿಂತಿತ್ತು. ಹಸಿರು ನೀರಿನ ಮೇಲೆ ಹಾಜ್ ಬಯೂಮಿಯ ಕೆಂಪಕ್ಷರ ಎಂದಿಗಿಂತ ಚೆನ್ನಾಗಿ ಕಾಣುತ್ತಿತ್ತು. ಬಟ್ಟೆ ಎತ್ತಿಕೊಳ್ಳಲು ಬಗ್ಗಿದ ಫಿಕ್ರಿಯ ಕಣ್ಣಿಗೆ ಹಾಜ್ಜಾಳ ಚಪ್ಪಲಿ ಬಿತ್ತು. ಅವಳು ಪಕ್ಕದಲ್ಲೇ ನಿಂತು, ಸತ್ತ ಗಂಡ ಬರೆದ ತನ್ನ ಹೆಸರನ್ನು ಬಲದಿಂದ ಎಡಕ್ಕೆ ನಿಧಾನವಾಗಿ ಓದುತ್ತಿದ್ದಳು. ಅವನು ಬಗ್ಗಿದವನು ಬಗ್ಗಿಯೇ ಇದ್ದ. ನೆಟ್ಟಗಾಗಲು ಒಂದು ಕಾರಣವೂ ಹೊಳೆಯಲಿಲ್ಲ.

"ಇದು ಅಮ್ಮನ ಕ್ಯಾನು," ಅಂದಳು ಸುಹೈರ್. ಬುಟ್ಟಿ ಅವಳ ಕೈಯಲ್ಲಿ ವಾಲಿತು. "ಒಳಗಿದ್ದ ಝಮ್‌ಝಮ್ ಎಲ್ಲಿ ಫಿಕ್ರಿ?"

ಅವನು ಬೆರಳು ಚಾಚಿ ರೇಡಿಯೇಟರನ್ನು ತೋರಿಸಿದ. ಗೇಟಿನಲ್ಲಿ ಬನ್ನಿಗಾಗಿ ಕಾದು ನಿಂತಿದ್ದವರು, ಗೋರಿ ಕಾಯುವವನು, ಹೂ ಮಾರುವವಳು, ಎಲ್ಲರೂ ಆ ಬೆರಳನ್ನೇ ನೋಡಿದರು. ಸುಹೈರ್ ದೇವರಲ್ಲಿ ಕ್ಷಮೆ ಬೇಡಲು ಶುರು ಮಾಡಿದಳು. ಯಾರ ಪರವಾಗಿ ಎಂದು ಹೇಳಲಿಲ್ಲ. ತನ್ನ ಅರವತ್ಮೂರು ವರ್ಷದ ಬದುಕಿನ ಒಟ್ಟು ಫಲ ಇದೇ ಎಂದು ಫಿಕ್ರಿಗೆ ಅನ್ನಿಸಿತು: ಬಗ್ಗಿದ ಬೆನ್ನು, ಚಾಚಿದ ಬೆರಳು.

ಹಾಜ್ಜಾ ಕರವಸ್ತ್ರದಿಂದ ಹಣೆ ಒರೆಸಿಕೊಂಡಳು. ಆಮೇಲೆ ಗೇಟಿನವರಿಗೂ ಕೇಳುವಂತೆ ಹೇಳಿದಳು. "ಹಾಗಿದ್ದಮೇಲೆ ಈ ಕಾರು ಮಾರೋ ಹಾಗಿಲ್ಲ. ನನ್ನ ಝಮ್‌ಝಮ್ ಇದರ ಹೊಟ್ಟೇಲಿದೆ. ಅದನ್ನ ತಗೊಂಡೋಗಿ ಕುಣಿಯೋರಿಗೆ, ಪೀಪಿ ಊದೋರಿಗೆ ಬಾಡಿಗೆಗೆ ಕೊಡ್ತೀಯಾ? ನಿನಗೆ ದೇವರ ಭಯ ಇಲ್ವಾ ಸುಹೈರ್?"

ಗೋರಿ ಕಾಯುವವನು, ಹಾಜ್ಜಾ ಹೇಳುವುದು ಸರಿ, ಮಾರುವುದು ಪಾಪ ಎಂದು ಅಡ್ಡಬಾಯಿ ಹಾಕಿದ. ಬನ್ನಿಗಾಗಿ ನಿಂತವರೂ ಹೌದು ಹೌದೆಂದರು. ಅವರಿಗೆ ವಿಷಯ ಬೇಗ ಮುಗಿಯಬೇಕಾಗಿತ್ತು. ಮೊದಲು ಅವರಿಗೆ ಹಂಚು, ಬಿಸಿಲಲ್ಲಿ ನಿಲ್ಲಿಸಬೇಡ ಎಂದು ಮಗಳನ್ನು ಅಲ್ಲೇ ಬಿಟ್ಟು, ಹಾಜ್ಜಾ ಅಳಿಯನ ತೋಳಿಗೆ ತೋಳು ಕೊಟ್ಟು ಒಳಗೆ ಹೊರಟಳು. ಫಿಕ್ರಿಗೆ ತಾನು ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯಲಿಲ್ಲ. ಕಾರು ಉಳಿಯಿತು ಎಂಬ ಸಂತೋಷ ಎದೆಯವರೆಗೆ ಬಂದು, ಪಾಪ ಹಾಗೇ ಇದೆಯಲ್ಲ ಎಂಬ ನೆನಪಾಗಿ, ಅಲ್ಲೇ ನಿಂತಿತ್ತು. ಮಾವನ ಗೋರಿಯ ಬಳಿ ಹಾಜ್ಜಾ ಕಳ್ಳಿ ಗಿಡದ ಕುಂಡ ಸರಿಪಡಿಸಿದಳು, ಫಾತಿಹಾ ಓದಿದಳು, ಕಲ್ಲಿನ ಅಂಚಿನ ಮೇಲೆ ಕೂತಳು.

ಕ್ಷಮಿಸಿ ಹಾಜ್ಜಾ ಎಂದು ಅವನು ಶುರು ಮಾಡಿದ. ಅವಳು ಕೈಯೆತ್ತಿ ತಡೆದಳು.

"ಅದು ಝಮ್‌ಝಮ್ ಅಲ್ಲ," ಅಂದಳು. "ಝಮ್‌ಝಮ್ ಇವರು ಕುಡಿದುಬಿಟ್ರು. ಕೊನೇ ತಿಂಗಳು ಬಾಯೆಲ್ಲ ಒಣಗ್ತಿತ್ತಲ್ಲ, ಬೇರೆ ನೀರು ಇಳೀತಾನೇ ಇರಲಿಲ್ಲ. ದಿನಾ ಒಂದೊಂದು ಗುಟುಕು ಕೊಟ್ಟೆ. ನಿನಗೆ ಬೇಡ್ವಾ ಅಂತ ಕೇಳಿದ್ರು. ಇನ್ನೊಂದು ಕ್ಯಾನಿದೆ ಅಂತ ಸುಳ್ಳು ಹೇಳಿದೆ. ಆಮೇಲೆ ಅಡುಗೆಮನೆ ನಲ್ಲೀಲಿ ತುಂಬಿಸಿಟ್ಟೆ, ಸುಹೈರ್ ಕೇಳ್ತಾಳೆ ಅಂತ."

ಫಿಕ್ರಿ ಅವಳ ಎದುರು ನೆಲದ ಮೇಲೇ ಕೂತುಬಿಟ್ಟ. ಹನ್ನೊಂದು ವರ್ಷ, ಎಂದು ಅವಳು ಮುಂದುವರಿಸಿದಳು. ಹನ್ನೊಂದು ವರ್ಷದಿಂದ ತನಗೆ ಒಂದೇ ಹೆದರಿಕೆ, ಸಾಯುವಾಗ ಝಮ್‌ಝಮ್ ರುಚಿ ಬಲ್ಲ ತನ್ನ ತಂಗಿ ಆ ನೀರನ್ನು ನಾಲಿಗೆಯ ತುದಿಗೆ ಹಚ್ಚಿ ನೋಡಿ, ಇದು ನಲ್ಲಿ ನೀರು ಅಂದುಬಿಟ್ಟರೆ? ಎಲ್ಲರೆದುರು ಸುಳ್ಳುಗಾರ್ತಿಯಾಗಿ ಸಾಯುವುದು ಹೇಗೆ? ಬಟ್ಟೆಯ ಗಂಟನ್ನು ದಿನಕ್ಕೆರಡು ಸಲ ಮುಟ್ಟಿ ನೋಡುತ್ತಿದ್ದಳಂತೆ. ಇದನ್ನೆಲ್ಲ ಅವಳು ಅವನಿಗಲ್ಲ, ಗೋರಿಯ ಕಲ್ಲಿಗೆ ಹೇಳುತ್ತಿದ್ದಳು. ಫಿಕ್ರಿಗೆ ನಗು ಬರುವ ಹಾಗಿತ್ತು, ಅಳುವೂ ಬರುವ ಹಾಗಿತ್ತು. ಒಂಬತ್ತು ದಿನ ತಾನು ಬೆವೆತದ್ದು ತನ್ನದೇ ಅಡುಗೆಮನೆಯ ನಲ್ಲಿ ನೀರಿಗೆ. ಯಾರೋ ದೊಡ್ಡ ಪಾಪವನ್ನು ಕೈಯಿಂದ ಕಿತ್ತುಕೊಂಡಂತೆ ಅವನಿಗೆ ಕೊಂಚ ಮೋಸವಾದಂತೆಯೂ ಅನ್ನಿಸಿತು. ಧರ್ಮದ ತಪ್ಪು ಹೋಯಿತು, ಇನ್ನುಳಿದದ್ದು ಭೌತಶಾಸ್ತ್ರದ್ದು ಮಾತ್ರ.

"ಗಂಟು ಮುಟ್ಟಿ ನೋಡ್ತಿದ್ರಿ ಅಂದ್ರೆ," ಅಂದ ಅವನು, "ನಾನು ಬದಲಾಯಿಸಿದ್ದೂ..."

"ಅವತ್ತೇ ಸಂಜೆ ಗೊತ್ತಾಯ್ತು. ಇಡೀ ರೂಮು ಉಪ್ಪಿನಕಾಯಿ ನಾರ್ತಿತ್ತಲ್ಲೋ."

"ಮತ್ತೆ ಯಾಕೆ ಸುಮ್ಮನಿದ್ರಿ?"

ಹಾಜ್ಜಾ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. "ಹನ್ನೊಂದು ವರ್ಷದ ಮೇಲೆ ಆವತ್ತು ಚೆನ್ನಾಗಿ ನಿದ್ದೆ ಬಂತು. ಇನ್ನು ತಪ್ಪು ನಿನ್ನದಾಯ್ತಲ್ಲ. ಮಾರನೇ ದಿನ ನೋಡಿದ್ರೆ ಜೇನು ಬಂತು. ಅದರ ಮಾರನೇ ದಿನ ಮೆಟ್ಟಲಲ್ಲಿ ನೀನು ನನ್ನ ಕೈ ಹಿಡ್ಕೊಂಡೆ. ಇವರು ಹೋದ ಮೇಲೆ ಯಾರು ಹಿಡಿದಿದ್ರು ಹೇಳು. ಇನ್ನಷ್ಟು ದಿನ ನಡೀಲಿ ಅಂತ ಸುಮ್ಮನಿದ್ದೆ." ಎದ್ದು ನಿಲ್ಲಲು ಕೈ ಚಾಚಿದಳು. "ಸುಹೈರ್‌ಗೆ ಹೇಳ್ಬೇಡ. ಅವಳಿಗೆ ಝಮ್‌ಝಮ್ಮೇ ಇರಲಿ."

ಹೊರಗೆ ಬಂದಾಗ ಹಾನಿಮ್ ತಣ್ಣಗಾಗಿತ್ತು. ಫಿಕ್ರಿ ಹಿತ್ತಾಳೆ ಮುಚ್ಚಳ ತೆಗೆದು, ಕ್ಯಾನಿನ ನೀರನ್ನು ರೇಡಿಯೇಟರಿಗೆ ಕಂಠಮಟ್ಟ ಹೊಯ್ದು, ಹೊಸ ಮುಚ್ಚಳ ತಿರುಗಿಸಿದ. ಕರ್ನಲ್ ಏನು ಬೇಕಾದರೂ ಅನ್ನಲಿ. ಸುಹೈರ್ ಖಾಲಿ ಬುಟ್ಟಿ ಹಿಡಿದು ಹಿಂದೆ ಕೂತಳು. ಬಾಗಿಲನ್ನು ಧಡಾರನೆ ಹಾಕದೆ, ಒಳಗೆ ಯಾರೋ ಮಲಗಿದ್ದಾರೆಂಬಂತೆ ಮೆಲ್ಲಗೆ ಹಾಕಿಕೊಂಡಳು. ವಾಪಸ್ಸು ಬರುವಾಗ ರಸ್ತೆ ಖಾಲಿಯಿತ್ತು, ಮುಳ್ಳು ನಡುವಿನಲ್ಲೇ ನಿಂತಿತ್ತು. ಸಿದಿ ಗಾಬರ್ ದಾಟುವಾಗ ಹಾಜ್ಜಾ ಕೆಮ್ಮಿದಳು. ಹೆದರಬೇಕಾದ್ದು ಇನ್ನೇನೂ ಇರಲಿಲ್ಲ. ಕ್ಯಾನಿನ ಗುಟ್ಟು ಗೋರಿಯ ಬಳಿ ಉಳಿದಿತ್ತು. ಆದರೂ ಫಿಕ್ರಿಯ ಬಲಗೈ ಗೇರನ್ನು ಬಿಟ್ಟು, ಅವಳ ಮಡಿಲ ಮೇಲಿಂದ ಹಾದು, ಕಿಟಕಿಯ ಹಿಡಿಕೆಗೆ ಹೋಯಿತು. ಹೋದ ಮೇಲೆ ಅದು ಅವನಿಗೆ ಗೊತ್ತಾಯಿತು, ನಾಚಿಕೆಯಾಗಿ ಹಿಂದಕ್ಕೆ ತೆಗೆದುಕೊಳ್ಳಲು ನೋಡಿದ. ಹಾಜ್ಜಾ ಮುಂದಿನ ರಸ್ತೆಯನ್ನೇ ನೋಡುತ್ತ, "ಅರ್ಧ ಏರಿಸು ಸಾಕು," ಅಂದಳು.